ಏರ್‌ಫೋರ್ಸ್ ರನ್‌ವೇಗೆ ಮೊದಲ ಸಲ ಹೋಗುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಗೌರಿಬಿದನೂರಿನಿಂದ

ಎಲ್ಲರಿಗೂ ನಮಸ್ಕಾರ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಒಂದು ಚಾರ್ಟರ್ ಕಂಪನಿಯಲ್ಲಿ ಕೋ-ಪೈಲಟ್ ಆಗಿ ಸೇರಿದ್ದೇನೆ. ಎರಡು ಎಂಜಿನ್‌ನ ಟರ್ಬೊಪ್ರಾಪ್ ವಿಮಾನ. ಇಲ್ಲಿಯವರೆಗೆ ಹಾರಿದ್ದೆಲ್ಲ ಸಿವಿಲ್ ಏರ್‌ಪೋರ್ಟ್‌ಗಳಿಗೇ. ಮುಂದಿನ ತಿಂಗಳಿಂದ ಬೀದರ್, ಪುಣೆ, ಗೋವಾದ ದಾಬೋಲಿಂ, ಆಮೇಲೆ ಯಲಹಂಕಕ್ಕೂ ಹೋಗುವುದಿದೆ. ಪುಸ್ತಕದಲ್ಲಿ ಇರುವುದನ್ನು ಓದಿಕೊಂಡಿದ್ದೇನೆ. ಅಲ್ಲಿಗೆ ಹೋದ ಮೇಲಷ್ಟೇ ಗೊತ್ತಾಗುವಂಥದ್ದು ಏನೇನಿದೆ? ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಏರ್‌ಫೋರ್ಸ್‌ನಲ್ಲಿ, ಎಚ್‌ಎಎಲ್‌ನಲ್ಲಿ ಬೇಕಾದಷ್ಟು ಜನ ಇದ್ದೀರಿ. ದಯವಿಟ್ಟು ತಿಳಿಸಿ.

ಚಿಂತಾಮಣಿಯಿಂದ, ಏರ್‌ಫೋರ್ಸ್ ಎಟಿಸಿಯಲ್ಲಿ (ವಿಮಾನ ಸಂಚಾರ ನಿಯಂತ್ರಣ) ಇದ್ದು ನಿವೃತ್ತನಾದವನು

ತಮ್ಮಾ, ಹೋಗುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು. ಟವರ್‌ನಲ್ಲಿ ಕೂತು ನೋಡಿದವನಾಗಿ ಹೇಳುತ್ತೇನೆ. ಸಿವಿಲ್ ಏರ್‌ಪೋರ್ಟ್ ಇರುವುದೇ ನಿನ್ನಂಥವರಿಗಾಗಿ. ಮಿಲಿಟರಿ ಫೀಲ್ಡ್ ಇರುವುದು ಅವರ ಕೆಲಸಕ್ಕೆ, ನೀನು ಆ ಕೆಲಸದ ನಡುವೆ ಬಂದು ಇಳಿಯುತ್ತೀಯ. ಹಾಗಾಗಿ ಸಿವಿಲ್‌ನಲ್ಲಿ ಕೇಳದೆಯೇ ಸಿಗುವುದನ್ನೆಲ್ಲ ಇಲ್ಲಿ ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಳ್ಳಬೇಕು. ಸಂಕೋಚ ಬೇಡ. ಕೇಳುವ ಪೈಲಟ್ ಬಂದರೆ ಕಂಟ್ರೋಲರ್‌ಗೂ ನೆಮ್ಮದಿ.

ಮೊದಲು ಸಮಯದ ವಿಷಯ. ಫೀಲ್ಡ್ ತೆರೆದಿರುವ ಗಂಟೆಗಳು ಬೇರೆ ಇರುತ್ತವೆ, ಅನುಮತಿಯೂ ಇಂತಿಷ್ಟು ಹೊತ್ತಿಗೆ ಅಂತ ಇರುತ್ತದೆ. ನೋಟಾಮ್‌ನಲ್ಲಿ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಬರುವುದು ಯುಟಿಸಿ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಫೋನಿನಲ್ಲಿ ಬೇಸ್‌ನವರು ಹೇಳುವುದು ಸಾಮಾನ್ಯವಾಗಿ ನಮ್ಮ ಗಡಿಯಾರದ ಸಮಯ. 0330 ಎಂದರೆ ಬೆಳಗ್ಗೆ 9 ಗಂಟೆಯೋ, ಬೆಳಗಿನ ಜಾವ ಮೂರೂವರೆಯೋ? ಫೋನ್ ಇಡುವ ಮುಂಚೆ ಎರಡೂ ರೀತಿ ಹೇಳಿ ಹೌದು ಅನ್ನಿಸಿಕೊ. ಎಡಿಸಿ (ವಾಯು ರಕ್ಷಣೆಯವರ ಕ್ಲಿಯರೆನ್ಸ್) ನಂಬರ್, ಎಫ್‌ಐಸಿ (ಫ್ಲೈಟ್ ಇನ್ಫರ್ಮೇಶನ್ ಸೆಂಟರ್) ನಂಬರ್ ಎರಡನ್ನೂ ಮೊಣಕಾಲಿನ ಪ್ಯಾಡ್ ಮೇಲೆ ಬರೆದುಕೊ. ಪ್ಯಾಸೆಂಜರ್ ಬರುವುದು ಲೇಟಾಗಿ ಹೊರಡುವುದು ತಡವಾದರೆ ಹಳೆಯ ನಂಬರ್ ನಡೆಯುತ್ತದೆ ಅಂದುಕೊಳ್ಳಬೇಡ, ಮತ್ತೆ ವಿಚಾರಿಸು. ಆ ನಂಬರ್ ಇಲ್ಲದಿದ್ದರೆ ರೇಡಾರ್ ಮುಂದೆ ಕೂತವರಿಗೆ ನೀನು ಗುರುತು ಸಿಗದ ವಿಮಾನ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜೀವಕ್ಕೆ ಕುತ್ತು ತರುವುದು ಇದೇ. ಕೆಲವು ಮಿಲಿಟರಿ ಫೀಲ್ಡ್‌ಗಳಲ್ಲಿ ಕ್ಯೂಎಫ್‌ಇ, ಅಂದರೆ ರನ್‌ವೇ ಮಟ್ಟದ ಗಾಳಿಯ ಒತ್ತಡದ ಬಳಕೆ ಇದೆ. ಅದನ್ನು ಹಾಕಿಕೊಂಡರೆ ರನ್‌ವೇ ಮೇಲೆ ನಿಂತಾಗ ಆಲ್ಟಿಮೀಟರ್ (ಎತ್ತರ ಮಾಪಕ) ಸೊನ್ನೆ ತೋರಿಸುತ್ತದೆ. ನೀನು ಕಲಿತದ್ದು ಕ್ಯೂಎನ್‌ಎಚ್, ಅಂದರೆ ಸಮುದ್ರ ಮಟ್ಟದಿಂದ ಎತ್ತರ. ಲೆಕ್ಕಕ್ಕೆ ಪುಣೆಯನ್ನೇ ತಗೋ. ಅಲ್ಲಿಯ ರನ್‌ವೇ ಸುಮಾರು 1,940 ಅಡಿ ಎತ್ತರದಲ್ಲಿದೆ. ನೆಲದಿಂದ 2,000 ಅಡಿ ಅಂತ ಒಬ್ಬರು ಹೇಳಿದ್ದನ್ನು ನೀನು ಕ್ಯೂಎನ್‌ಎಚ್ ಮೇಲೆ ಹಿಡಿದರೆ ನೆಲಕ್ಕೂ ನಿನಗೂ ನಡುವೆ ಉಳಿಯುವುದು 60 ಅಡಿ. ನಮ್ಮ ಬೆಂಗಳೂರಿನ ಸುತ್ತಮುತ್ತ ನೆಲವೇ 3,000 ಅಡಿ ಆಸುಪಾಸು. ಕ್ಯೂಎನ್‌ಎಚ್ 1013 ಇರುವ ದಿನ ಇಲ್ಲಿ ಕ್ಯೂಎಫ್‌ಇ 910ರ ಹತ್ತಿರ ಬರುತ್ತದೆ. ಮುಳ್ಳಿನ ಹಳೆ ಆಲ್ಟಿಮೀಟರ್‌ಗಳಲ್ಲಿ ಒತ್ತಡದ ಅಂಕಿ ಕಾಣುವ ಕಿಟಕಿ ಸಾಮಾನ್ಯವಾಗಿ 950ರ ಕೆಳಗೆ ತಿರುಗುವುದೇ ಇಲ್ಲ, ಅಂದರೆ ಆ ಕ್ಯೂಎಫ್‌ಇ ಹಾಕಲು ಆಗುವುದೇ ಇಲ್ಲ. ಆದ್ದರಿಂದ ರೇಡಿಯೋದಲ್ಲಿ ಒತ್ತಡದ ಅಂಕಿ ಬಂದ ತಕ್ಷಣ "ಕನ್‌ಫರ್ಮ್ ಕ್ಯೂಎನ್‌ಎಚ್" ಅಂತ ಕೇಳು. ಓದಿ ಹೇಳುವಾಗ ಬರೀ ಅಂಕಿ ಹೇಳಬೇಡ, ಕ್ಯೂಎನ್‌ಎಚ್ ಅನ್ನುವುದನ್ನೂ ಸೇರಿಸಿ ಹೇಳು.

ಮೂರನೆಯದು ಫೈಟರ್‌ಗಳು ಬರುವ ರೀತಿ. ಅವು ನಿನ್ನ ಹಾಗೆ ಉದ್ದದ ಫೈನಲ್‌ನಲ್ಲಿ (ರನ್‌ವೇಗೆ ನೇರವಾದ ಕೊನೆಯ ದಾರಿ) ನಿಧಾನ ಬರುವುದಿಲ್ಲ. ರನ್‌ವೇ ನೇರಕ್ಕೆ ವೇಗವಾಗಿ ಬಂದು, ಅದರ ಮೇಲೆಯೇ ಜೋರಾಗಿ ವಾಲಿ ತಿರುಗಿ, ವೇಗ ಇಳಿಸಿ, ಫೀಲ್ಡ್ ಪಕ್ಕ ಒಂದು ಚಿಕ್ಕ ಸುತ್ತು (ಸರ್ಕ್ಯೂಟ್) ಹಾಕಿ ಇಳಿಯುತ್ತವೆ. "ಇನಿಷಿಯಲ್" ಅನ್ನುವ ಕರೆ ಕೇಳಿದರೆ ಅವನು ಕೆಲವೇ ಮೈಲಿ ದೂರದಲ್ಲಿದ್ದಾನೆ ಅಂತ ಅರ್ಥ. 420 ನಾಟ್ ವೇಗದಲ್ಲಿ 5 ಮೈಲಿ ದಾಟಲು ಮುಕ್ಕಾಲು ನಿಮಿಷವೂ ಬೇಡ. ಅಷ್ಟರಲ್ಲಿ ನೀನು 120 ನಾಟ್‌ನಲ್ಲಿ ಒಂದೂವರೆ ಮೈಲಿ ಕೂಡ ಬಂದಿರುವುದಿಲ್ಲ. ಇನ್ನೊಂದು ವಿಷಯ: ಅವರು ಎಷ್ಟೋ ಸಲ ಯುಎಚ್‌ಎಫ್ ರೇಡಿಯೋ ಬ್ಯಾಂಡ್‌ನಲ್ಲಿ ಮಾತಾಡುತ್ತಾರೆ, ನೀನಿರುವುದು ವಿಎಚ್‌ಎಫ್ ಬ್ಯಾಂಡ್‌ನಲ್ಲಿ. ಕಂಟ್ರೋಲರ್ ಮಾತು ಕೇಳಿಸುತ್ತದೆ, ಆ ಕಡೆಯ ಉತ್ತರ ಕೇಳಿಸುವುದಿಲ್ಲ. ರೇಡಿಯೋ ಸುಮ್ಮನಿದೆ ಅಂದರೆ ಆಕಾಶ ಖಾಲಿ ಇದೆ ಅಂತಲ್ಲ. ಸರ್ಕ್ಯೂಟ್‌ನಲ್ಲಿ ಎಷ್ಟು ವಿಮಾನ ಇವೆ, ಎಲ್ಲಿವೆ ಅಂತ ಕೇಳು. ಬೀದರ್‌ನಲ್ಲಿ ಇದು ಇನ್ನೂ ಮುಖ್ಯ, ಅದು ಹಾಕ್ ವಿಮಾನಗಳ ತರಬೇತಿ ಬೇಸ್. ಆ ಕಡೆ ಸ್ಟಿಕ್ ಹಿಡಿದವನು ನಿನ್ನ ವಯಸ್ಸಿನ, ಇನ್ನೂ ಕಲಿಯುತ್ತಿರುವ ಹುಡುಗನೇ ಇರಬಹುದು.

ಮೋಡ ಕೆಳಗಿದ್ದು ಪಿಎಆರ್ (ರೇಡಾರ್ ನೋಡಿ ಮಾತಿನಲ್ಲೇ ದಾರಿ ಹೇಳಿ ಇಳಿಸುವುದು) ಕೊಟ್ಟರೆ ಕೊನೆಯ ಹಂತದಲ್ಲಿ "ಇನ್ನು ಉತ್ತರ ಕೊಡಬೇಡಿ" ಅನ್ನುತ್ತಾರೆ. ಆಮೇಲೆ ಅವರು ಬಿಡುವಿಲ್ಲದೆ ಮಾತಾಡುತ್ತಾರೆ, ನೀನು ಬರೀ ಪಾಲಿಸಬೇಕು. ಆ ಹಂತದಲ್ಲಿ 5 ಸೆಕೆಂಡ್ ಮಾತು ನಿಂತರೆ ಸಂಪರ್ಕ ಹೋಗಿದೆ ಅಂತ ತಿಳಿ. ರನ್‌ವೇ ಕಾಣದಿದ್ದರೆ ಮೇಲೆ ಹೋಗು.

ತುಮಕೂರಿನಿಂದ, ಚಾರ್ಟರ್ ಕ್ಯಾಪ್ಟನ್

ಅಣ್ಣಾವ್ರು ಗಾಳಿಯಲ್ಲಿದ್ದಾಗಿನದು ಹೇಳಿದ್ದಾರೆ. ನಾನು ನೆಲದ ಹತ್ತಿರದ್ದು ಸೇರಿಸುತ್ತೇನೆ.

ರನ್‌ವೇ ತುದಿಯಾಚೆ ಫೈಟರ್‌ಗಳನ್ನು ಹಿಡಿದು ನಿಲ್ಲಿಸುವ ನೈಲಾನ್ ಬಲೆ ಇರುತ್ತದೆ. ಇದನ್ನು ಅರೆಸ್ಟರ್ ಬ್ಯಾರಿಯರ್ ಅನ್ನುತ್ತಾರೆ. ಬ್ರೇಕ್ ಸಿಗದೆ ಬಂದ ಫೈಟರ್‌ಗೆ ಅದೇ ಗತಿ. ನಿಮ್ಮ ಪ್ರಾಪೆಲ್ಲರ್‌ಗೆ ಮಾತ್ರ ಅದು ಅಪಾಯ. ಇಳಿಯುವ ಮುಂಚೆ, ಟೇಕಾಫ್‌ಗೆ ಮುಂಚೆ, ಎರಡೂ ಸಲ "ಬ್ಯಾರಿಯರ್ ಡೌನ್?" ಅಂತ ಕೇಳಿ. ಮಲಗಿಸಿದ ಬಲೆ ಇದ್ದರೂ ಅದರ ಮೇಲೆ ಹೋಗುವ ಯೋಚನೆ ಬೇಡ. ರನ್‌ವೇಗೆ ಅಡ್ಡಲಾಗಿ ಕೇಬಲ್ ಇರುವ ಕಡೆ ಅದನ್ನು ದಾಟಿದ ಮೇಲೆ ಚಕ್ರ ಮುಟ್ಟಿಸಿ. ಟ್ಯಾಕ್ಸಿ ಮಾಡುವಾಗ ಅದರ ಮೇಲೆ ನಿಧಾನ ಹೋಗಿ, ಬ್ರೇಕ್ ಒತ್ತಬೇಡಿ.

ರನ್‌ವೇ ಮೇಲೆ ನಿಮ್ಮ ಕಣ್ಣನ್ನೇ ನಂಬಿ. 2020ರ ಫೆಬ್ರವರಿ 15ರಂದು ಪುಣೆಯಲ್ಲಿ ಏರ್ ಇಂಡಿಯಾದ ಎ321 ಟೇಕಾಫ್ ಓಟದಲ್ಲಿದ್ದಾಗ ಎದುರಿಗೆ ಒಂದು ಜೀಪು, ಒಬ್ಬ ವ್ಯಕ್ತಿ ಕಂಡರು. ಪೈಲಟ್ ಮೊದಲೇ ಮೂತಿ ಎತ್ತಿ ತಪ್ಪಿಸಿದರು. ವಿಮಾನಕ್ಕೆ ಹಾನಿಯಾಯಿತು, ಆದರೂ ದೆಹಲಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಮಿಲಿಟರಿ ಫೀಲ್ಡ್‌ನಲ್ಲಿ ಗಸ್ತಿನ ಗಾಡಿ, ಹಕ್ಕಿ ಓಡಿಸುವವರು, ಕಸ ಗುಡಿಸುವ ಗಾಡಿ ಎಲ್ಲ ಓಡಾಡುತ್ತಿರುತ್ತವೆ. ಕ್ಲಿಯರೆನ್ಸ್ ಸಿಕ್ಕ ಮೇಲೂ ಪೂರ್ತಿ ಉದ್ದ ಒಂದು ಸಲ ನೋಡಿ. ಟ್ಯಾಕ್ಸಿವೇಯಿಂದ ಕವಲೊಡೆದು ಬ್ಲಾಸ್ಟ್ ಪೆನ್‌ಗಳಿಗೆ (ಫೈಟರ್ ನಿಲ್ಲಿಸುವ, ಗೋಡೆ ಇರುವ ಗೂಡುಗಳು) ಹೋಗುವ ದಾರಿಗಳೂ ಇರುತ್ತವೆ. ಅನುಮಾನ ಬಂದರೆ ನಿಂತು, ಮುಂದೆ ಹೋಗಿ ದಾರಿ ತೋರಿಸುವ ಫಾಲೋ-ಮಿ ಗಾಡಿ ಕೇಳಿ.

ಗೋವಾ ನೇವಿಯವರದು, ಐಎನ್‌ಎಸ್ ಹಂಸ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಅವರ ತರಬೇತಿಗೆ ಮೀಸಲಿಡುವುದು ಹಳೆಯ ಪದ್ಧತಿ. ಟ್ರಿಪ್ ಒಪ್ಪಿಕೊಳ್ಳುವ ಮುಂಚೆ ಇದನ್ನು ನೋಡಿ.

ಯಲಹಂಕದ ವಿಷಯ ನಿಮ್ಮೂರಿಗೆ ಹತ್ತಿರದ್ದು, ಆದರೂ ಹೇಳುತ್ತೇನೆ. ಉತ್ತರದಿಂದ ನಂದಿ ಬೆಟ್ಟ ದಾಟಿ ಬಂದರೆ ಮೊದಲು ದೇವನಹಳ್ಳಿ, ಆಮೇಲೆ ಯಲಹಂಕ, ಆಮೇಲೆ ಜಕ್ಕೂರು, ಇನ್ನೂ ದಕ್ಷಿಣಕ್ಕೆ ಎಚ್‌ಎಎಲ್. ಎಲ್ಲ ರನ್‌ವೇಗಳೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ದೇವನಹಳ್ಳಿ, ಯಲಹಂಕ, ಎಚ್‌ಎಎಲ್ ಮೂರರ ನಂಬರೂ 09/27, ಜಕ್ಕೂರಿನದು 08/26. ಬೆಳಗಿನ ಮಂಜಿನಲ್ಲಿ ಒಂದನ್ನು ನೋಡಿ ಇನ್ನೊಂದು ಅಂದುಕೊಳ್ಳುವುದು ಸುಲಭ. ಜಿಪಿಎಸ್ ದೂರ ನೋಡದೆ "ಫೀಲ್ಡ್ ಇನ್ ಸೈಟ್" ಅನ್ನಬೇಡಿ. ನಂದಿ 4,850 ಅಡಿ, ಯಲಹಂಕದ ನೆಲಕ್ಕಿಂತ ಬಹಳ ಎತ್ತರ, ಮುಂಜಾನೆ ಮೋಡದೊಳಗೇ ಇರುತ್ತದೆ. ಏರೋ ಇಂಡಿಯಾ ಸಮಯದಲ್ಲಂತೂ ದೇವನಹಳ್ಳಿಯ ವಿಮಾನಗಳನ್ನೇ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ನೋಟಾಮ್ ದಿನವೂ ನೋಡಿ.

ಹಕ್ಕಿಗಳು. ಏರೋ ಇಂಡಿಯಾಗೆ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದು ಸುಮ್ನೆ ಅಲ್ಲ, ಹದ್ದುಗಳು ಬರುತ್ತವೆ ಅಂತಲೇ. ಬಿಸಿಲೇರಿ ಬಿಸಿಗಾಳಿ ಏಳಲು ಶುರುವಾದರೆ ಅವು ಸುತ್ತುತ್ತಾ ನಿಮ್ಮ ಸರ್ಕ್ಯೂಟ್ ಎತ್ತರಕ್ಕೇ ಬರುತ್ತವೆ. ಆಗುವುದಾದರೆ ಬೆಳಗ್ಗೆ ಬೇಗ ಇಳಿಯುವ ಹಾಗೆ ಹೊರಡಿ.

ಬಂಗಾರಪೇಟೆಯಿಂದ, ವಿಮಾನ ಮೆಕ್ಯಾನಿಕ್

ಪೈಲಟ್‌ಗಳು ಮರೆಯುವುದನ್ನು ನಾನು ಹೇಳ್ತೀನಿ. ನಿಮ್ಮ ವಿಮಾನ ಎಳೆಯುವ ಟೋ-ಬಾರ್ ಅಲ್ಲಿ ಸಿಗುವುದಿಲ್ಲ, ತಗೊಂಡು ಹೋಗಿ. ಚಕ್ರಕ್ಕೆ ಒತ್ತಿಡುವ ಚಾಕ್, ವೇಗ ಅಳೆಯುವ ಕೊಳವೆಗೆ ಹಾಕುವ ಪಿಟೋ ಕವರ್ ಕೂಡ. ಗ್ರೌಂಡ್ ಪವರ್ ಪ್ಲಗ್ ಹೊಂದುತ್ತದಾ ಅಂತ ಮೊದಲೇ ಕೇಳಿ, ಬ್ಯಾಟರಿಯಲ್ಲೇ ಸ್ಟಾರ್ಟ್ ಮಾಡಬೇಕಾಗಬಹುದು. ಇಂಧನ ಸಿಗುತ್ತದಾ, ದುಡ್ಡು ಹೇಗೆ ಕೊಡಬೇಕು ಅನ್ನುವುದು ಬರಹದಲ್ಲಿ ಇರಲಿ. ಫೈಟರ್ ಹಿಂದೆ ನಿಲ್ಲಿಸಬೇಡಿ, ಅದರ ಜೆಟ್ ಗಾಳಿಗೆ ಕಂಟ್ರೋಲ್ ಲಾಕ್ ಹಾಕದ ರಡ್ಡರ್ ಬಡಿದುಕೊಂಡು ಹಾಳಾಗುತ್ತದೆ. ನೀರಿನ ಬಾಟಲಿಯ ಮುಚ್ಚಳ, ಪೆನ್ನು, ಏನೂ ಏಪ್ರನ್ (ವಿಮಾನ ನಿಲ್ಲಿಸುವ ಜಾಗ) ಮೇಲೆ ಬೀಳದಿರಲಿ. ಫೈಟರ್ ಎಂಜಿನ್ ಅದನ್ನು ಎಳೆದುಕೊಂಡರೆ ಗತಿಯೇನು, ಅಲ್ವಾ?

ಫೋಟೋ ಬೇಡವೇ ಬೇಡ. 2025ರ ಮೇ ತಿಂಗಳಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನದ ನಿಯಂತ್ರಕರು) ಆದೇಶ ಬಂತು. ಪಶ್ಚಿಮ ಗಡಿ ಕಡೆಯ ಡಿಫೆನ್ಸ್ ಫೀಲ್ಡ್‌ಗಳಲ್ಲಿ ಹತ್ತುವಾಗ, ಇಳಿಯುವಾಗ 10,000 ಅಡಿವರೆಗೆ ಪ್ಯಾಸೆಂಜರ್ ಕಿಟಕಿ ಮುಚ್ಚಿರಬೇಕು ಅಂತ. ಪ್ಯಾಸೆಂಜರ್‌ಗಳಿಗೆ ಹೊರಡುವ ಮುಂಚೆಯೇ ಹೇಳಿ. ವಿದೇಶದವರು ಒಬ್ಬರಿದ್ದರೂ ಅವರಿಗೆ ಬೇರೆ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ.

ಗೌರಿಬಿದನೂರಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಒಂದೇ ಒಂದು: ದಾರಿಯಲ್ಲಿ ಎಂಜಿನ್ ಕೈಕೊಟ್ಟು, ಹತ್ತಿರ ಇರುವುದು ಅನುಮತಿ ಇಲ್ಲದ ಮಿಲಿಟರಿ ಫೀಲ್ಡ್ ಮಾತ್ರ ಆದರೆ?

ಚಿಂತಾಮಣಿಯಿಂದ

ಇಳಿ. ಅನುಮತಿಗೆ ಕಾಯಬೇಡ. ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ಮೇಡೇ ಹೇಳು, ಉತ್ತರ ಬರದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ಸ್ಕ್ವಾಕ್ 7700, ಅಂದರೆ ರೇಡಾರ್‌ನಲ್ಲಿ ಕಾಣುವ ತುರ್ತು ಕೋಡ್ ಹಾಕು. ಏನಾಗಿದೆ, ಎಷ್ಟು ಜನ, ಎಷ್ಟು ಇಂಧನ, ಇಷ್ಟು ಹೇಳಿದರೆ ಸಾಕು. ಅವರು ಫೈಟರ್‌ಗಳನ್ನು ಪಕ್ಕಕ್ಕೆ ಸರಿಸಿ ರನ್‌ವೇ ಖಾಲಿ ಮಾಡಿಕೊಡುತ್ತಾರೆ. ಬ್ಯಾರಿಯರ್ ಇಳಿಸಲು ಹೇಳುವುದನ್ನು ಆಗಲೂ ಮರೆಯಬೇಡ. ನಿಂತ ಮೇಲೆ ಬೆಂಕಿ ಇಲ್ಲದಿದ್ದರೆ ಬಾಗಿಲು ತೆಗೆದು ಇಳಿಯಬೇಡ, ಎಂಜಿನ್ ಆಫ್ ಮಾಡಿ ಒಳಗೇ ಕಾಯಿ. ಬಂದೂಕು ಹಿಡಿದವರು ಬರುತ್ತಾರೆ, ಗಾಬರಿ ಬೇಡ, ಅದು ಅವರ ಡ್ಯೂಟಿ. ಫೋನ್ ಕೈಯಲ್ಲಿ ಹಿಡಿಯಬೇಡ. ಲೈಸೆನ್ಸ್, ಗುರುತಿನ ಚೀಟಿ, ವಿಮಾನದ ಕಾಗದ ಹಿಂದಿನ ಬ್ಯಾಗ್‌ನಲ್ಲಿ ಬೇಡ, ಸೀಟಿನ ಪಕ್ಕ ಇಟ್ಟುಕೊಂಡಿರು. ವಿಚಾರಣೆ ಗಂಟೆಗಟ್ಟಲೆ ಆಗಬಹುದು, ಪ್ಯಾಸೆಂಜರ್‌ಗಳಿಗೆ ನೀರು ಇರಲಿ.