ಪದಚರ್ಚೆ: ರೇಶಿಯೋ ‘ಜಾಸ್ತಿ’ ಮಾಡು ಅಂದರೆ ಯಾವ ಕಡೆಗೆ?

ಎಲ್ಲರಿಗೂ ನಮಸ್ಕಾರ.

ರ್‍ಯಾಲಿ (ಕಾರ್ ರೇಸ್) ಗಾಡಿಗೆ ಬೇರೆ ಅಳತೆಯ ಟೈರ್ ಹಾಕಿದಾಗ ಗೇರ್ ರೇಶಿಯೋ, ಅಂದರೆ ಜೊತೆಗೂಡಿ ತಿರುಗುವ ಎರಡು ಗೇರುಗಳ ಹಲ್ಲಿನ ಲೆಕ್ಕ, ಹೇಗೆ ಆರಿಸಬೇಕು ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತುಮಕೂರಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ. ಕೆ-1000 ರ್‍ಯಾಲಿ ನಮ್ಮೂರಿನ ಸುತ್ತಮುತ್ತ ನಡೆದ ಮೇಲೆ ಇದನ್ನು ಕೇಳುವವರು ಇದ್ದಾರೆ. ಬಹಳಷ್ಟು ಪದ ಸಿಕ್ಕಿವೆ, ರೇಶಿಯೋ ಪಿಕಪ್ ಕಡೆಗೋ ಟಾಪ್ ಸ್ಪೀಡ್ ಕಡೆಗೋ ಅಂತ ಹೇಳುವ ಒಂದು ಜೋಡಿ ಪದ ಮಾತ್ರ ಸಿಗುತ್ತಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. 185/60 ಆರ್14 ಅಳತೆಯ ಟೈರಿನ ವ್ಯಾಸ ಸುಮಾರು 578 ಮಿಲಿಮೀಟರ್. ಅದನ್ನು ತೆಗೆದು 185/65 ಆರ್15 ಹಾಕಿದರೆ ಸುಮಾರು 622. ಅಂದರೆ ಹೆಚ್ಚುಕಮ್ಮಿ 7.6 ಪರ್ಸೆಂಟ್ ದೊಡ್ಡದು. ಚಕ್ರ ಒಂದು ಸುತ್ತಿಗೆ ಅಷ್ಟು ಹೆಚ್ಚು ಮುಂದೆ ಹೋಗುತ್ತೆ, ಅದೇ ಸ್ಪೀಡಿಗೆ ಇಂಜಿನ್ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 7.1 ಪರ್ಸೆಂಟ್ ಇಳಿಯುತ್ತೆ. ತಿರುವು ದಾಟಿ ಆಕ್ಸಿಲೇಟರ್ ಒತ್ತಿದರೆ ಪಿಕಪ್ ಸಿಗಲ್ಲ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಕಮ್ಮಿ ತೋರಿಸುತ್ತೆ.

ಸರಿಪಡಿಸೋದು ಹಲ್ಲಿನ ಲೆಕ್ಕದಿಂದ. ಚಕ್ರಕ್ಕೆ ತಿರುವು ಕೊಡುವ ಕೊನೆಯ ಗೇರ್ ಜೋಡಿಯಲ್ಲಿ ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 37 ಹಲ್ಲು ಅಂದುಕೊಳ್ಳಿ. 37ನ್ನು 9ರಿಂದ ಭಾಗಿಸಿದರೆ ರೇಶಿಯೋ 4.11. ಅದನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯದರಿಂದ ಭಾಗಿಸಿದರೆ 4.42 ಬರುತ್ತೆ. 9ಕ್ಕೆ 40 ಹಲ್ಲಿನ ಸೆಟ್ ಸಿಕ್ಕರೆ 4.44, ಸಾಕಷ್ಟು ಹತ್ತಿರ. ಕ್ರೌನ್ ಒಂದನ್ನೇ ಬದಲಿಸೋಕೆ ಆಗಲ್ಲ, ಪಿನಿಯನ್ ಜೊತೆಗೇ ಹಾಕಬೇಕು.

ಲೆಕ್ಕದ ವ್ಯಾಸವನ್ನೇ ನಂಬಿ ಕೂರಬಾರದು. ಗಾಡಿಯ ಭಾರಕ್ಕೆ ಟೈರಿನ ತಳ ಒತ್ತಿಕೊಳ್ಳುತ್ತೆ. ಗಾಳಿ ಸರಿಯಾಗಿ ಹಿಡಿಸಿ, ಡ್ರೈವರ್ ಕೂತಿರುವಾಗಲೇ ಟೈರಿನ ತಳಕ್ಕೂ ಅದರ ನೇರಕ್ಕೆ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆಯಬೇಕು. ಗಾಡಿಯನ್ನು ಒಂದು ಸುತ್ತು ತಳ್ಳಿ, ಗೆರೆ ಮತ್ತೆ ಕೆಳಗೆ ಬಂದ ಜಾಗದವರೆಗೆ ಟೇಪ್ ಹಿಡಿಯಬೇಕು. ಇದನ್ನು ‘ಸುತ್ತಳತೆ’ ಅಂದರೆ ಹುಡುಗರು ಟೈರಿನ ಸುತ್ತಲೂ ಟೇಪ್ ಸುತ್ತುತ್ತಾರೆ, ಬೇರೆಯೇ ಅಂಕಿ ಬರುತ್ತೆ. ಹಾಗಾಗಿ ‘ಒಂದು ಸುತ್ತಿನ ದೂರ’ ಅಂತ ಬರೆದಿದ್ದೇನೆ. ಇದಕ್ಕಿಂತ ಚೆನ್ನಾದ ಪದ ಇದ್ದರೆ ಹೇಳಿ.

ಈಗ ತೊಡಕು. 4.11 ಹೋಗಿ 4.44 ಬಂತು, ಅಂಕಿ ಜಾಸ್ತಿ ಆಯ್ತು. ಆದರೆ ಅದೇ ಆರ್‌ಪಿಎಂಗೆ ಗಾಡಿಯ ಓಟ ಕಮ್ಮಿ ಆಯ್ತು. ‘ರೇಶಿಯೋ ಜಾಸ್ತಿ ಮಾಡು’ ಅಂದರೆ ಒಬ್ಬ ಅಂಕಿ ನೋಡುತ್ತಾನೆ, ಇನ್ನೊಬ್ಬ ಟಾಪ್ ಸ್ಪೀಡ್ ನೋಡುತ್ತಾನೆ. ಇಬ್ಬರೂ ತಲೆಯಾಡಿಸುತ್ತಾರೆ, ತರೋದು ಬೇರೆ ಬೇರೆ ಸೆಟ್.

‘ಕೆಳಗಿನ ಗೇರ್, ಮೇಲಿನ ಗೇರ್’ ಅನ್ನೋಣ ಅಂದರೆ ಅದು ಎರಡನೇದು, ನಾಲ್ಕನೇದು ಅನ್ನೋ ಅರ್ಥದಲ್ಲಿ ಆಗಲೇ ನಿಂತುಬಿಟ್ಟಿದೆ. ‘ಲೋ, ಹೈ’ ಅಂದರೆ ಟ್ರ್ಯಾಕ್ಟರ್, ಜೀಪುಗಳ ಎರಡನೇ ಲಿವರ್ ನೆನಪಾಗುತ್ತೆ. ‘ಉದ್ದ ಗೇರ್, ಗಿಡ್ಡ ಗೇರ್’ ಅಂತ ಸರ್ಕ್ಯೂಟ್ ರೇಸಿನವರ ಇಂಗ್ಲಿಷ್ ಮಾತನ್ನು ಹಾಗೇ ಇಳಿಸಿದರೆ ಗೇರ್ ರಾಡ್ ಉದ್ದವೋ ಗಿಡ್ಡವೋ ಅನ್ನಿಸುತ್ತೆ. ‘ದಂತಚಕ್ರ ಅನುಪಾತ’ದಂಥವು ಪಾಠದ ಪುಸ್ತಕದಲ್ಲೇ ಇರಲಿ. ಹಲ್ಲು ಅನ್ನೋ ಮಾತು ಕೈಯಲ್ಲೇ ಇರುವಾಗ ದಂತ ಯಾಕೆ ಬೇಕು?

ನನ್ನ ಮನಸ್ಸು ‘ಎಳೆತದ ರೇಶಿಯೋ’, ‘ಓಟದ ರೇಶಿಯೋ’ ಕಡೆ ವಾಲುತ್ತಿದೆ. 4.44 ಎಳೆತದ ಕಡೆ, 4.11 ಓಟದ ಕಡೆ. ‘ಗಾಡಿ ಎಳೀತಿಲ್ಲ’ ಅಂತ ಎಲ್ಲರೂ ಅನ್ನೋದೇ, ಅಲ್ವಾ? ಬೈಕಿನವರು ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಕಮ್ಮಿ ಹಾಕಿಸೋದೂ ಎಳೆತಕ್ಕೇ. ಮಣ್ಣಿನ ದಾರಿಯ ರ್‍ಯಾಲಿಗೆ ಎಳೆತದ ಕಡೆ ಬೇಕು, ಉದ್ದನೆಯ ನೇರ ದಾರಿ ಇರುವ ಟ್ರ್ಯಾಕಿಗೆ ಓಟದ ಕಡೆ ಬೇಕು ಅಂದರೆ ಯಾರಿಗಾದರೂ ತಿಳಿಯುತ್ತೆ. ಒಂದೇ ಅನುಮಾನ. ಬ್ರೇಕ್ ಹಿಡಿದಾಗ ‘ಗಾಡಿ ಎಡಕ್ಕೆ ಎಳೆಯುತ್ತೆ’ ಅಂತಲೂ ಅನ್ನುತ್ತೇವೆ. ಅದರ ಜೊತೆ ಇದು ಕಲೆತುಹೋಗುತ್ತಾ?

ಕೋಲಾರ, ಚಿಂತಾಮಣಿ ಕಡೆಯವರು ಇದ್ದರೆ ನಿಮ್ಮೂರ ಮೆಕ್ಯಾನಿಕ್‌ಗಳನ್ನು ಒಂದು ಮಾತು ಕೇಳಿ. ಲಾರಿಗೆ ಕ್ರೌನ್ ಸೆಟ್ ಬದಲಿಸುವಾಗ ಈ ಎರಡನ್ನು ಅವರು ಏನಂತ ಕರೆಯುತ್ತಾರೆ? ತೆಲುಗು ಬೆರೆತ ಮಾತಾದರೂ ಪರವಾಗಿಲ್ಲ, ಕೇಳಿದ ಹಾಗೇ ಬರೆದು ಕಳಿಸಿ.