ಸಹಾಯ ಬೇಕು: ವಿಜ್ಞಾನ ಟೆಸ್ಟ್‌ಗೆ ಮಗಳಿಗೆ ಹೇಗೆ ಓದಿಸಲಿ?

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಮುಂದಿನ ವಾರ ವಿಜ್ಞಾನ ಟೆಸ್ಟ್ ಇದೆ. ದ್ರವ್ಯ, ಜೀವಿಗಳು ಎರಡೂ ಪಾಠ ಒಟ್ಟಿಗೇ. ಗಿಣಿಪಾಠ ಒಪ್ಪಿಸುತ್ತಾಳೆ, ಆದರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಸುಮ್ನೆ ಕೂತುಬಿಡುತ್ತಾಳೆ.

ನಿನ್ನೆ ಲೋಟಕ್ಕೆ ಐಸ್ ಹಾಕಿಟ್ಟೆ. ಹೊರಗಡೆ ಹನಿ ಮೂಡಿದ್ದು ನೋಡಿ "ಅಮ್ಮಾ, ಲೋಟ ಸೋರ್ತಿದೆ" ಅಂದಳು. ಒಳಗಿನ ನೀರಿಗೆ ಬಣ್ಣ ಹಾಕಿ, ಹೊರಗಿನ ಹನಿಗೆ ಬಣ್ಣವೇ ಇಲ್ಲ ನೋಡು, ಅದು ಗಾಳಿಯಲ್ಲಿದ್ದ ನೀರಾವಿ ತಣ್ಣಗಾಗಿ ನೀರಾಗಿದ್ದು ಅಂತ ತೋರಿಸಿದ ಮೇಲೆ ಮುಖ ಅರಳಿತು. ಆದರೆ ಐಸ್ ಪೂರ್ತಿ ಕರಗುವವರೆಗೂ ಉಷ್ಣತೆ 0 ಡಿಗ್ರಿಯಲ್ಲೇ ಯಾಕೆ ನಿಲ್ಲುತ್ತದೆ ಅನ್ನೋದು ಮಾತ್ರ ತಲೆಗೆ ಹೋಗುತ್ತಿಲ್ಲ. ಶಾಖವೆಲ್ಲ ಕಣಗಳ ಹಿಡಿತ ಸಡಿಲಿಸಲು ಖರ್ಚಾಗುತ್ತದೆ ಅಂದೆ, ಕಣ್ಣು ಬಿಟ್ಟು ನೋಡಿದಳು ಅಷ್ಟೇ. ಇದನ್ನು ಸುಲಭವಾಗಿ ಹೇಗೆ ಹೇಳಲಿ?

ಜೀವಕೋಶದ್ದು ಇನ್ನೂ ಜಾಸ್ತಿ ಗೊಂದಲ. ಕೋಶಭಿತ್ತಿ, ಕೋಶಪೊರೆ ಎರಡೂ ಒಂದೇ ಅಂತ ಬರೆಯುತ್ತಾಳೆ. ಪೊರೆ ಗಿಡಕ್ಕೂ ಪ್ರಾಣಿಗೂ ಇದೆ, ಭಿತ್ತಿ ಪ್ರಾಣಿಕೋಶಕ್ಕಿಲ್ಲ ಅಂತ ಎಷ್ಟು ಸಲ ಹೇಳಿದರೂ ನಿಲ್ಲುತ್ತಿಲ್ಲ. ಮನೆಯಲ್ಲಿ ಸೂಕ್ಷ್ಮದರ್ಶಕವೂ ಇಲ್ಲ.

ಬೈದು ಓದಿಸೋಕೆ ನನಗೆ ಇಷ್ಟವಿಲ್ಲ. ನಿಮ್ಮ ಮಕ್ಕಳಿಗೆ ಅರ್ಥವಾದ ಪ್ರಯೋಗ, ಚಿತ್ರ, ತಿರುಗಿಸಿ ಕೇಳುವಂಥ ಪ್ರಶ್ನೆಗಳು ಇದ್ದರೆ ದಯವಿಟ್ಟು ಬರೆಯಿರಿ.