ಪದ ಬೇಕು, ತುರ್ತು: ರಿಪೇರಿಗಿಂತ ಜಾಸ್ತಿಯಾದ ರಿಪೇರಿಗೆ ಏನನ್ನುತ್ತೀರಿ?

(ಪದಗಳ ಚರ್ಚೆಯ ಒಂದು ಗುಂಪಿನ ಸಂದೇಶಗಳು. ಗ್ರೀಸುಕೈ, ಕರಡು, ಮೇಷ್ಟ್ರು, ಅಚ್ಚಕನ್ನಡಿಗ, ಮೂಲ ಇವೆಲ್ಲ ಬರೆದವರ ಅಡ್ಡಹೆಸರು.)

ಗ್ರೀಸುಕೈ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೋರ್ಡು ಅಚ್ಚಿಗೆ ಹೋಗಬೇಕು, ಅದಕ್ಕೇ ಈ ಅವಸರ.

ಹಳೇ ಗಾರ್ಡನ್ ಟ್ರಾಕ್ಟರುಗಳನ್ನು ಹವ್ಯಾಸಕ್ಕೆ ಸರಿಮಾಡಿ ಇಟ್ಟುಕೊಂಡಿರುವ ನಾವು ಕೆಲವರು ಒಂದು ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಹೊಲದ ಟ್ರಾಕ್ಟರ್ ಅಲ್ಲ. ಮನೆ ಸುತ್ತಲಿನ ಹುಲ್ಲು ಕತ್ತರಿಸಲು, ನಾಲ್ಕು ಪಾತಿ ಉಳಲು, ಚಳಿ ದೇಶಗಳಲ್ಲಿ ಹಿಮ ತಳ್ಳಲು ಅಂತ ಮಾಡಿದ, ಒಬ್ಬರು ಕೂತು ಓಡಿಸುವ ಪುಟ್ಟ ಯಂತ್ರ. ಮೂರು ಇಡುತ್ತಿದ್ದೇವೆ. ಒಂದು ಜಾನ್ ಡಿಯರ್ 110, ಈ ಮಾದರಿ ಮೊದಲು ಬಂದದ್ದು 1963ರಲ್ಲಿ. ಅದನ್ನು ಪೂರ್ತಿ ಬಿಚ್ಚಿ, ತುಕ್ಕು ಬಿಡಿಸಿ, ಇಂಜಿನ್ ಬೋರ್ ಮಾಡಿಸಿ, ಕಾರ್ಖಾನೆಯಿಂದ ಬಂದಾಗ ಇದ್ದ ಅದೇ ಹಸಿರು ಹಳದಿ ಹೊಡೆದು ಹೊಸದರ ಹಾಗೆ ಮಾಡಿದ್ದೇವೆ. ಇನ್ನೊಂದು ಕೆಂಪು ವೀಲ್ ಹಾರ್ಸ್. ಅದು ಓಡುತ್ತದೆ, ಆದರೆ ಮೈಮೇಲಿನ ಮಾಸಿದ ಬಣ್ಣ, ಗೀರು, ಹರಿದ ಸೀಟು ಎಲ್ಲ ಹಾಗೇ ಬಿಟ್ಟಿದ್ದೇವೆ, ಬೇಕಂತಲೇ. ಮೂರನೆಯದು ಕಬ್ ಕೆಡೆಟ್. ಅದು ಓಡುವುದಿಲ್ಲ, ಅದರಿಂದ ಕಿತ್ತು ಇವೆರಡಕ್ಕೆ ಹಾಕಿದ್ದೇವೆ. ಕಂಪನಿ ಬೇರೆ ಬೇರೆ ಆದರೂ ಮೂರರ ಇಂಜಿನ್ನೂ ಕೋಹ್ಲರ್ ಕೆ ಸರಣಿಯದೇ, ಹಾಗಾಗಿ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ಸು ಕಂಡೆನ್ಸರು ಥರದ್ದು ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ.

ನಮ್ಮ ನಮ್ಮಲ್ಲಿ ಮಾತಾಡುವಾಗ ಇವಕ್ಕೆ ರೆಸ್ಟೋರ್ ಮಾಡಿದ್ದು, ಒರಿಜಿನಲ್, ಪಾರ್ಟ್ಸ್ ಗಾಡಿ ಅಂತೇವೆ. ಚೀಟಿಯಲ್ಲಿ ಕನ್ನಡ ಬೇಕು. ಮೇಲೆ ‘ವಿಂಟೇಜ್ ಗಾರ್ಡನ್ ಟ್ರಾಕ್ಟರ್’ ಅನ್ನುವುದಕ್ಕೂ ಒಂದು ತಲೆಬರಹ ಬೇಕು. ಫೋನಿನ ಅನುವಾದಕ್ಕೆ ಹಾಕಿ ನೋಡಿದೆ. ಇಂಜಿನ್ನಿನ ವೇಗ ಹಿಡಿತದಲ್ಲಿಡುವ ಗವರ್ನರ್ ಸ್ಪ್ರಿಂಗಿಗೆ ‘ರಾಜ್ಯಪಾಲರ ವಸಂತ’ ಅಂತ ಕೊಟ್ಟಿತು. ಪಾಯಿಂಟ್ಸ್ ಉಜ್ಜಿ ಅನ್ನುವುದಕ್ಕೆ ‘ಅಂಕಗಳನ್ನು ಸ್ವಚ್ಛಗೊಳಿಸಿ’. ಅದಕ್ಕೇ ನಿಮ್ಮ ಹತ್ತಿರ ಬಂದೆ.

ಕರಡು:
ರೆಸ್ಟೋರ್‌ಗೆ ಪತ್ರಿಕೆಗಳಲ್ಲಿ ‘ಪುನಶ್ಚೇತನ’ ಅಂತ ಬರೆಯುತ್ತಾರೆ. ಕೆರೆಗೂ ಅದೇ, ಮುಚ್ಚಿದ ಕಾರ್ಖಾನೆಗೂ ಅದೇ. ನನಗೆ ಹಿಡಿಸುವುದಿಲ್ಲ. ‘ಮರುಸ್ಥಾಪನೆ’ ನೋಡಿ. ಅದೂ ಬೇಡವಾದರೆ ದುರಸ್ತಿ ಇದ್ದೇ ಇದೆ.

ಮೇಷ್ಟ್ರು:
ಮರುಸ್ಥಾಪನೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಬಿಡಿ.

ಕರಡು:
ಮಳೆಗಾಲವೂ ಅರಿಸಮಾಸವೇ ಸಾರ್. ಮಳೆಗಾಲ ಬಿಡೋಣವೇ?

ಮೇಷ್ಟ್ರು:
ಹಿಂದಿನವರು ಬಳಸಿದ್ದಕ್ಕೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ವಿನಾಯಿತಿ ಕೊಟ್ಟಿದ್ದಾನೆ. ನಿಮಗೆ ಕೊಟ್ಟಿಲ್ಲ.

ಗ್ರೀಸುಕೈ:
ಮೇಷ್ಟ್ರೇ, ಅದನ್ನು ಬಿಟ್ಟು ಏನು ಬಳಸಲಿ, ಅದನ್ನು ಹೇಳಿ.

ಮೇಷ್ಟ್ರು:
ಜೀರ್ಣೋದ್ಧಾರ. ಇರುವ ಪದ ಬಿಟ್ಟು ಯಾಕೆ ಒದ್ದಾಡುತ್ತೀರಿ? ಶಾಸನಗಳನ್ನು ತೆಗೆದು ನೋಡಿ, ದೇವಾಲಯಕ್ಕೆ ಭೂಮಿ ಬಿಟ್ಟ ದತ್ತಿಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಅಂತ ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದು, ಸವೆದು ಹಳತಾದದ್ದು, ಮೂರನ್ನೂ ಸರಿಮಾಡಿ ಎತ್ತಿ ನಿಲ್ಲಿಸುವುದು. ನಿಮ್ಮ ಯಂತ್ರಕ್ಕೆ ಬಂದಿರುವ ಕಾಯಿಲೆ ಈ ಮೂರೇ ಅಲ್ಲವೇ? ಎರಡೂ ಸಂಸ್ಕೃತ, ಗುಣಸಂಧಿ, ತಕರಾರಿಲ್ಲ. ಬೇಕಾದರೆ ಬಿಡಿಭಾಗಗಳ ಪಟ್ಟಿಗೂ ಇಂಥದ್ದೇ ಒಂದು ಹೊಂದಿಸಿಕೊಡುತ್ತೇನೆ.

ಕರಡು:
‘ಬಿಡಿಭಾಗ’ ಅಂದಿರಲ್ಲ ಸಾರ್. ಬಿಡಿ ಕನ್ನಡ, ಭಾಗ ಸಂಸ್ಕೃತ. ಕೇಶಿರಾಜನಿಗೆ ಯಾರು ಹೇಳುತ್ತಾರೆ?

ಗ್ರೀಸುಕೈ:
ಪದ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ನಮ್ಮ 110ರಲ್ಲಿ ಫ್ಲೈವೀಲಿನ ರೆಕ್ಕೆ ಎರಡು ಖಂಡ, ಹೆಡ್ಡು ಸ್ಫುಟಿತ, ಪಿಸ್ಟನ್ ರಿಂಗು ಜೀರ್ಣ. ಆದರೆ ಜೀರ್ಣೋದ್ಧಾರ ಅಂತ ಬೋರ್ಡು ಕಂಡರೆ ಜನ ಗೋಪುರ ಎಲ್ಲಿ ಅಂತ ಕತ್ತೆತ್ತಿ ನೋಡುತ್ತಾರೆ ಸಾರ್. ಸಣ್ಣ ಚೀಟಿ ಅದು, ಮಕ್ಕಳೂ ಓದುತ್ತಾರೆ.

ಅಚ್ಚಕನ್ನಡಿಗ:
ಟ್ರಾಕ್ಟರಿನ ತುಕ್ಕು ಆಮೇಲೆ, ಮೊದಲು ಸಂಸ್ಕ್ರುತದ ತುಕ್ಕು ಬಿಡಿಸಿ. ಮಹಾಪ್ರಾಣ ಕೊರಳಿಗೆ ಸಿಕ್ಕಿಕೊಂಡರೂ ನಿಮಗೆ ಜೀರ್ಣೋದ್ದಾರವೇ ಬೇಕು. ಟ್ರಾಕ್ಟರ್ ಅನ್ನುವುದೂ ಯಾಕೆ? ಲ್ಯಾಟಿನ್ನಿನಲ್ಲಿ ಅದರ ಹುರುಳು ‘ಎಳೆ’ ಅಂತ ಅಶ್ಟೇ. ನಮ್ಮಲ್ಲಿ ಎಳೆ ಇದೆ, ಬಂಡಿ ಇದೆ. ಎಳೆಬಂಡಿ ಅನ್ನಿ. ರಿಪೇರಿ, ದುರಸ್ತಿ ಎಲ್ಲ ಎರವಲು. ಎಳೆಬಂಡಿ ನಮ್ಮದೇ, ಅದು ಕಾತ್ರಿ.

ಮೂಲ:
ದುರಸ್ತಿ ಪಾರಸಿ, ಸರಿ. ನೀವು ಬರೆದ ಖಾತ್ರಿ ಅರಬ್ಬಿ. ಮಹಾಪ್ರಾಣ ತೆಗೆದರೂ ಅರಬ್ಬಿಯೇ.

ಮೇಷ್ಟ್ರು:
‘ಎಳೆಬಂಡಿ’ ಎಳೆಯುವ ಬಂಡಿಯೋ, ಎಳೆಯಲ್ಪಡುವ ಬಂಡಿಯೋ? ಸಿಡಿಮದ್ದಿನಲ್ಲಿ ಸಿಡಿಯುವುದು ಮದ್ದು. ಉಡುದಾರದಲ್ಲಿ ದಾರ ಏನನ್ನೂ ಉಡುವುದಿಲ್ಲ, ದಾರವನ್ನೇ ಉಡುತ್ತೇವೆ. ನಿಮ್ಮ ಬಂಡಿ ಯಾವ ಸಾಲಿನದು?

ಕರಡು:
ಅದಕ್ಕಿಂತ ಮೊದಲು ಎಳೆಗರು, ಎಳೆಸೌತೆ ನೆನಪಾಗುತ್ತದೆ. ಎಳೆಬಂಡಿ ಅಂದರೆ ಇನ್ನೂ ಬಲಿಯದ ಬಂಡಿ.

ಗ್ರೀಸುಕೈ:
ಹಾಗೆ ನೋಡಿದರೆ ಸರಿಯೇ ಇದೆ! ಕಬ್ ಅಂದರೇ ಮರಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು 1961ರಲ್ಲಿ ಕಬ್ ಕೆಡೆಟ್ ತಂದಾಗ ಅವರ ಹೊಲದ ಟ್ರಾಕ್ಟರುಗಳಲ್ಲಿ ಎಲ್ಲಕ್ಕಿಂತ ಸಣ್ಣದರ ಹೆಸರು ಫಾರ್ಮಾಲ್ ಕಬ್, ಇದು ಅದಕ್ಕೂ ಚಿಕ್ಕದು. ಆದರೆ ಬೋರ್ಡಿಗೆ ಆಗಲ್ಲ.

ಅಚ್ಚಕನ್ನಡಿಗ:
ಹಾಗಾದರೆ ಉಳುಬಂಡಿ.

ಗ್ರೀಸುಕೈ:
ಮುಕ್ಕಾಲು ಪಾಲು ಆಯುಷ್ಯ ಹುಲ್ಲು ಕತ್ತರಿಸುವುದರಲ್ಲೇ ಕಳೆದಿದೆ ಸ್ವಾಮಿ. ಉತ್ತದ್ದು ಕಮ್ಮಿ.

ಮೂಲ:
ವೀಲ್ ಹಾರ್ಸ್‌ಗೂ ಕನ್ನಡ ಮಾಡಿಬಿಡಿ ಹಾಗೇ. ಗಾಲಿ + ಕುದುರೆ, ಗಾಲಿಗುದುರೆ. ಆದೇಶಸಂಧಿ ಉಚಿತ.

ಕರಡು:
ಸ್ವಲ್ಪ ಗಂಭೀರವಾಗಿ. ಈ ಕೆಲಸದಲ್ಲಿರುವವರ ಮಾತು ಕೇಳಿ ನೋಡಿ. ನಟ್ಟು, ಬೋಲ್ಟು, ಬೆಲ್ಟು, ಪ್ಲಗ್ಗು. ಕೊನೆಗೆ ಉಕಾರ ಹಚ್ಚಿ, ಬೋಲ್ಟಿಗೆ, ಬೆಲ್ಟಿನಿಂದ, ಪ್ಲಗ್ಗಿನಲ್ಲಿ ಅಂತ ವಿಭಕ್ತಿ ಸೇರಿಸಿದ ಮೇಲೆ ಆ ಪದ ಎಲ್ಲಿಂದ ಬಂತು ಅನ್ನುವುದು ನಿಘಂಟಿನವರ ತಲೆನೋವು, ಮಾತಾಡುವವರದ್ದಲ್ಲ. ಗೇರಿಗೆ ಮಾತ್ರ ಉಕಾರ ಹಚ್ಚುವಾಗ ಎಚ್ಚರ, ಗೋಡಂಬಿ ಆಗಿಬಿಡುತ್ತದೆ.

ಅಚ್ಚಕನ್ನಡಿಗ:
ಹಲ್ಲುಗಾಲಿ ಅಂದರೆ ಗೋಡಂಬಿ ಆಗುವುದಿಲ್ಲ. ನೀವು ಎಲ್ಲ ಬಾಗಿಲೂ ತೆರೆದಿಟ್ಟಿರೋದಕ್ಕೇ ಹೊಸ ಪದ ಕಟ್ಟುವ ಕಸುವು ನಮಗೆ ಉಳಿದಿಲ್ಲ. ಇವತ್ತು ಗೇರು, ನಾಳೆ ಎಸಗುಪದವೂ ಹೋಗುತ್ತದೆ. ಈಗಲೇ ‘ರೆಸ್ಟೋರ್ ಮಾಡು’ ಅಂತಿದೀರಿ, ‘ಮಾಡು’ ಒಂದೇ ನಮ್ಮದು.

ಮೇಷ್ಟ್ರು:
ಈ ಒಂದು ಮಾತು ಒಪ್ಪುತ್ತೇನೆ. ಬೇರೆ ಯಾವುದನ್ನೂ ಅಲ್ಲ.

ಗ್ರೀಸುಕೈ:
ಅಚ್ಚಕನ್ನಡಿಗರು ಕ್ರಿಯಾಪದದ ಮಾತು ಎತ್ತಿದ್ದಕ್ಕೆ ಹೇಳುತ್ತೇನೆ. ಸಾಮಾನುಗಳ ಹೆಸರು ಇಂಗ್ಲಿಷಿನದ್ದಾದರೂ ನಮ್ಮ ಶೆಡ್ಡಿನಲ್ಲಿ ಕೈಕೆಲಸಕ್ಕೆಲ್ಲ ಇರುವುದು ಕನ್ನಡ ಕ್ರಿಯಾಪದಗಳೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಪ್ಲಗ್ ತೆಗೆದು ಆ ತೂತಿನಿಂದ ಅಸಿಟೋನು ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ಲು ಸಮ ಸಮ ಬೆರೆಸಿ ಸುರಿದು, ನೆನೆಯಲು ಬಿಟ್ಟು, ದಿನಾ ಒಂದು ಸಲ ಫ್ಲೈವೀಲನ್ನು ಆ ಕಡೆ ಈ ಕಡೆ ಒಂದಿಷ್ಟೇ ಅಲುಗಾಡಿಸುತ್ತಾ ಕಾಯಬೇಕು. ಸುತ್ತಿಗೆ ಎತ್ತಿದರೆ ಕೆಟ್ಟಿರಿ. ಇದು ಪಿಸ್ಟನ್ ಬಿಡಿಸುವುದು. ಆಮೇಲೆ ಕಬ್ಬಿಣದ ಸಾಮಾನುಗಳನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರನ್ನು ಅದಕ್ಕೂ ಪಾಸಿಟಿವ್ ವೈರನ್ನು ಒಂದು ಬೇಡದ ಕಬ್ಬಿಣದ ತುಂಡಿಗೂ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ತುಕ್ಕು ಬಿಡುತ್ತದೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರಿಂದ ನೀರಿಗೆ ಇಳಿಯುವ ಕ್ರೋಮಿಯಂ ವಿಷ. ಹೈಡ್ರೋಜನ್ ಏಳುವುದರಿಂದ ಇದನ್ನು ಬಯಲಲ್ಲೇ ಇಡಬೇಕು. ಅಲ್ಯೂಮಿನಿಯಂ ಸಾಮಾನು ಅದರಲ್ಲಿ ಹಾಕಿದರೆ ತುಕ್ಕಿನ ಬದಲು ಸಾಮಾನೇ ಹೋಗುತ್ತದೆ, ಒಂದು ಸಲ ಹಾಗೆ ಒಂದು ಬ್ರಾಕೆಟ್ಟು ಕಳಕೊಂಡಿದ್ದೇನೆ. ಇದು ತುಕ್ಕು ಬಿಡಿಸುವುದು. ನಟ್ಟು ಬಿಡಿಸುವುದು ಬೇರೆ ಇದ್ದೇ ಇದೆ. ಮೂರಕ್ಕೂ ಒಂದೇ ‘ಬಿಡಿಸು’. ಇಂಗ್ಲಿಷಿನ ಕೈಪಿಡಿಯಲ್ಲಿ ಇವಕ್ಕೆ ಮೂರು ಬೇರೆ ಪದ ಇವೆ.

ನನಗೆ ತೊಡಕಾಗಿರುವುದು ಎರಡನೇ ಗಾಡಿ. 110ಕ್ಕೆ ಇನ್ನೊಂದು ಸಲ ಬಣ್ಣ ಹೊಡೆಯಬಹುದು, ಹತ್ತು ಸಲ ಬೇಕಾದರೂ. ವೀಲ್ ಹಾರ್ಸಿನ ಮೈಮೇಲಿರುವ ಬಣ್ಣ ಕಾರ್ಖಾನೆಯಲ್ಲಿ ಒಂದೇ ಸಲ ಬಿದ್ದದ್ದು. ಉಜ್ಜಿ ತೆಗೆದರೆ ಮುಗೀತು, ಮತ್ತೆ ತರಲು ಆಗಲ್ಲ. ಕಾಲು ಇಟ್ಟೂ ಇಟ್ಟೂ ಒಂದು ಪಕ್ಕ ಮಾತ್ರ ಕಬ್ಬಿಣ ಮಿನುಗುತ್ತದೆ, ಅದನ್ನು ಓಡಿಸಿದವರು ಯಾವ ಕಡೆಯಿಂದ ಹತ್ತುತ್ತಿದ್ದರು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಅದನ್ನು ನೋಡಿ ‘ಇದಕ್ಕೆ ಯಾವಾಗ ಬಣ್ಣ ಹೊಡಿತೀರಿ’ ಅಂತ ಕೇಳುತ್ತಾರಲ್ಲ, ಅವರಿಗೆ ಚೀಟಿಯೇ ಉತ್ತರ ಹೇಳಬೇಕು.

ಕರಡು:
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ. ‘ಉಳಿಸಿದ್ದು’ ಅನ್ನಿ.

ಮೇಷ್ಟ್ರು:
ಉಳಿಸಿದ್ದೋ, ಉಳಿದದ್ದೋ? ‘ಇಸು’ ಬಂದರೆ ಕರ್ತೃ ನೀವು. ಅಷ್ಟು ವರ್ಷ ಆ ಬಣ್ಣ ಕಾಪಾಡಿದ್ದು ನೀವೇ?

ಗ್ರೀಸುಕೈ:
ಅಲ್ಲ ಸಾರ್. ನನ್ನ ಕೈಗೆ ಬಂದದ್ದು ಈಚೆಗೆ. ಅದಕ್ಕೂ ಮುಂಚೆ ಯಾವುದೋ ಶೆಡ್ಡಿನ ಮೂಲೆಯಲ್ಲಿ ಯಾರೂ ಮುಟ್ಟದೆ ಇತ್ತು. ನಾನು ಮಾಡಿದ್ದು ಅಂದರೆ ಪಾಯಿಂಟ್ಸ್ ಉಜ್ಜಿ, ಗ್ಯಾಪು 0.020 ಇಂಚಿಗೆ ಇಟ್ಟು, ಕಾರ್ಬೊರೇಟರ್ ತೊಳೆದು, ಪೆಟ್ರೋಲ್ ಪೈಪು ಬದಲಿಸಿದ್ದು. ಅಷ್ಟಕ್ಕೇ ಓಡಿತು.

ಮೇಷ್ಟ್ರು:
ಹಾಗಾದರೆ ಉಳಿದದ್ದು.

ಗ್ರೀಸುಕೈ:
ಸಿಕ್ಕಿತು ಸಾರ್! ಉಳಿದದ್ದು. ಇಂಗ್ಲಿಷಿನಲ್ಲಿ ಇಂಥದ್ದನ್ನು ಸರ್ವೈವರ್ ಅಂತಾರೆ, ಹೆಚ್ಚುಕಮ್ಮಿ ಅದೇ. ಮೊದಲನೆಯದಕ್ಕೆ ‘ಮೊದಲಿನಂತೆ ಮಾಡಿದ್ದು’, ಅಲ್ಲಿ ‘ಮಾಡು’ ಇರಲಿ, ಬೆವರು ಸುರಿಸಿದ್ದೇವೆ. ಮೂರನೆಯದಕ್ಕೆ ‘ಬಿಡಿಭಾಗಕ್ಕೆ ಇಟ್ಟದ್ದು’, ಅರಿಸಮಾಸಕ್ಕೆ ಕ್ಷಮೆ ಇರಲಿ. ಇನ್ನು ತಲೆಬರಹ.

ಮೂಲ:
ವಿಂಟೇಜ್ ದ್ರಾಕ್ಷಿ ಕೊಯ್ಲಿನ ಪದ. ಯಾವ ವರ್ಷದ ಕೊಯ್ಲು ಅನ್ನುವುದರಿಂದ ಹೊರಟು ಹಳತಾದರೂ ಬೆಲೆಯುಳ್ಳದ್ದು ಅನ್ನುವಲ್ಲಿಗೆ ಬಂತು. ಟ್ರಾಕ್ಟರಿಗೆ ಅಷ್ಟೆಲ್ಲ ಬೇಡ.

ಅಚ್ಚಕನ್ನಡಿಗ:
ಪಳೆಯುಳಿಕೆ.

ಕರಡು:
ಅದು ಕಲ್ಲಾದದ್ದಕ್ಕೆ. ಇದು ಸ್ಟಾರ್ಟ್ ಆಗುತ್ತದೆ.

ಗ್ರೀಸುಕೈ:
‘ಹಳೇ’ ಸಾಕು ಅನ್ನಿಸುತ್ತದೆ. ಗಾರ್ಡನ್‌ಗೆ ತೋಟ ಅಂದರೆ ಅಡಿಕೆ ತೆಂಗಿನ ತೋಟ ಅಂದುಕೊಳ್ಳುತ್ತಾರೆ, ಉದ್ಯಾನ ಅಂದರೆ ಗೇಟು ಕಾವಲುಗಾರ ಎಲ್ಲ ಬೇಕು. ಕೈತೋಟ ಸರಿಯೇ? ‘ಕೈ ಟ್ರಾಕ್ಟರ್’ ಅಂತ ಓದಿಕೊಂಡು, ಹಿಂದೆ ನಡೆದುಕೊಂಡು ಹೋಗುವ ಟಿಲ್ಲರ್ ಅಂದುಕೊಂಡಾರು ಅಂತ ಒಂದು ಭಯ.

ಮೂಲ:
ಕೈತೋಟ ಸರಿ. ತೋಟ ಹಳಗನ್ನಡದಲ್ಲಿ ತೋಂಟ, ತೋಂಟದ ಸಿದ್ಧಲಿಂಗರ ಹೆಸರಿನಲ್ಲಿ ಇನ್ನೂ ಇದೆ. ನನ್ನ ಪ್ರಕಾರ ‘ತೋಡು’ವಿಗೆ ಸಂಬಂಧ ಇರಲೇಬೇಕು. ತೋಡಿದ ಜಾಗ ತೋಂಟ. ತಮಿಳಿನ ತೋಟ್ಟಂ ನೋಡಿ...

ಮೇಷ್ಟ್ರು:
ಶುರುವಾಯಿತು. ಆ ಅನುಸ್ವಾರ ಎಲ್ಲಿಂದ ಬಂತು ಹೇಳಿ ಆಮೇಲೆ ಮುಂದಕ್ಕೆ ಹೋಗಿ.

(ಇದರ ಮೇಲೆ ಹನ್ನೊಂದು ಸಂದೇಶ ಓಡಿದವು. ಟ್ರಾಕ್ಟರ್ ಅನ್ನುವ ಪದ ಯಾವುದರಲ್ಲೂ ಇರಲಿಲ್ಲ.)

ಗ್ರೀಸುಕೈ:
ಬೋರ್ಡು ಅಚ್ಚಿಗೆ ಹೋಯಿತು. ಮೇಲೆ ‘ಕೈತೋಟದ ಹಳೇ ಟ್ರಾಕ್ಟರುಗಳು’. ‘ಹಳೇ ಕೈತೋಟದ’ ಅಂದರೆ ತೋಟವೇ ಹಳೇದಾಗುತ್ತಿತ್ತು, ಹಾಗಾಗಿ ಹಿಂದೆಮುಂದೆ ಮಾಡಿದೆ. ಎಲ್ಲರಿಗೂ ಥ್ಯಾಂಕ್ಸು. ಗವರ್ನರ್‌ಗೆ ಮಾತ್ರ ಕನ್ನಡ ಸಿಗಲಿಲ್ಲ, ಹಾಗೇ ಬಿಟ್ಟೆ. ಇಂಜಿನ್ ಜೋರಾದಾಗ ಅದರ ಗುಂಡುಗಳು ಸುತ್ತುವ ರಭಸಕ್ಕೆ ಹೊರಕ್ಕೆ ಸರಿದು ಥ್ರಾಟಲ್ ಮುಚ್ಚುತ್ತವೆ, ದಟ್ಟ ಹುಲ್ಲು ಸಿಕ್ಕಿ ನಿಧಾನವಾದಾಗ ಸ್ಪ್ರಿಂಗು ಅದನ್ನು ತೆರೆಯುತ್ತದೆ, ಅಷ್ಟೇ ಅದರ ಕೆಲಸ.

ಅಚ್ಚಕನ್ನಡಿಗ:
ಕಡಿವಾಣ.

ಗ್ರೀಸುಕೈ:
ಅಯ್ಯೋ. ಇದನ್ನು ನಿನ್ನೆ ಹೇಳಬಾರದಿತ್ತಾ? ಅದೂ ಗಾಲಿಗುದುರೆಗೆ!

ಮೂಲ:
ಕಡಿ ಸರಿ. ವಾಣ ಎಲ್ಲಿಂದ?